ನಮ್ಮ ವಾರ್ಡಿನ ಮಹಿಳಾ ಮೀಸಲು

ಮೈಸೂರು ರಸ್ತೆ ಕಡೆಯ ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲಾದಾಗ, ಪಕ್ಷದ ಟಿಕೆಟ್ ನನಗೇ ಎಂದು ನಂಬಿದ್ದೆ. ಹೆಡ್ಡತನ, ಈಗ ಒಪ್ಪುತ್ತೇನೆ. ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಹದಿನೈದು ವರ್ಷ ಪಕ್ಷಕ್ಕೆ ದುಡಿದಿದ್ದೆ. ಯಾರ ಮನೆ ನಲ್ಲಿಯಲ್ಲಿ ನೀರಿಲ್ಲ, ಯಾವ ವಿಧವೆಗೆ ಪಿಂಚಣಿ ನಿಂತಿದೆ, ಎಲ್ಲವೂ ನಾಲಿಗೆ ತುದಿಯಲ್ಲಿತ್ತು.

ವಿಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ಬೆಳಿಗ್ಗೆ ಸಂದರ್ಶನ. ಮೇಜಿನ ಹಿಂದೆ ಐದು ಜನ ಗಂಡಸರು. ಒಬ್ಬ ನನ್ನ ಅರ್ಜಿ ತಿರುವಿ ಹಾಕಿ, "ಯಜಮಾನ್ರು ಏನ್ಮಾಡ್ತಾರಮ್ಮ?" ಎಂದ.

"ಗಾರೆ ಕೆಲ್ಸ ಸಾರ್. ಆದ್ರೆ ನಿಲ್ತಾ ಇರೋದು ನಾನು."

"ಅದ್ಸರಿ. ಕಾರ್ಪೊರೇಷನ್ ಅಂದ್ರೆ ಫೈಲು, ಬಜೆಟ್ಟು ಎಲ್ಲಾ ಇರತ್ತೆ. ನಿಂಗೆ ಅದೆಲ್ಲ ಏನ್ ತಿಳಿಯತ್ತೆ? ಯಾರ್ ಹೇಳ್ಕೊಡ್ತಾರೆ?"

ಮೈಯೆಲ್ಲ ಉರಿದುಹೋಯಿತು. ನಾನು ಅಣ್ಣ ಎಂದು ಕರೆಯುತ್ತಿದ್ದ ನಮ್ಮ ಏರಿಯಾದ ಮುಖಂಡನೂ ಆ ಐವರಲ್ಲಿದ್ದ. ಅವನು ಮುಂದಿನ ಅರ್ಜಿ ಕೈಗೆತ್ತಿಕೊಂಡ. ಸಂಜೆ ಅವನ ಸೊಸೆಗೇ ಟಿಕೆಟ್ ಘೋಷಿಸಿದರು.

"ಅವ್ರಿರೋದು ಮಹಾಲಕ್ಷ್ಮಿ ಲೇಔಟಲ್ಲಿ! ನಮ್ ವಾರ್ಡಿನೋರೇ ಅಲ್ಲ!" ಎಂದು ಎಲ್ಲರ ಮುಂದೆ ಕೂಗಿದೆ.

"ವೋಟರ್ ಲಿಸ್ಟಲ್ಲಿ ಹೆಸ್ರಿದೆಯಲ್ಲ. ಸೇರಿಸ್ದೋಳು ನೀನೇ ಕಣಮ್ಮ," ಎಂದು ಅಣ್ಣ ನಕ್ಕ.

ನಿಜ. ಆರು ತಿಂಗಳ ಹಿಂದೆ, "ಸೊಸೆ ವೋಟು ಈ ಕಡೆ ಹಾಕ್ಸಮ್ಮ, ನಮಗೊಂದು ವೋಟು ಜಾಸ್ತಿ ಆಗ್ಲಿ" ಎಂದಿದ್ದ. ಬೀದಿಯ ಅರ್ಧ ಜನಕ್ಕೆ ಅಂಥ ಅರ್ಜಿ ತುಂಬಿಸಿಕೊಟ್ಟವಳು ನಾನು, ಇದೇನು ಮಹಾ ಎಂದುಕೊಂಡೆ. ನಮ್ಮ ಬೀದಿಯಲ್ಲಿ ಅವನು ಬಾಡಿಗೆಗೆ ಕೊಟ್ಟಿದ್ದ ಮನೆಯ ವಿಳಾಸ ಬರೆಸಿದೆ. ಪರಿಶೀಲನೆಗೆ ಬಂದವರಿಗೆ "ಇಲ್ಲೇ ಇರ್ತಾರೆ ಸಾರ್" ಎಂದು ಸುಳ್ಳನ್ನೂ ಹೇಳಿದೆ. ನನ್ನ ಗುಂಡಿಯನ್ನು ನಾನೇ ತೋಡಿಕೊಂಡಿದ್ದೆ.

ಸೊಸೆ ಬಂದು ನನ್ನ ಕೈ ಹಿಡಿದುಕೊಂಡಳು. "ಆಂಟಿ, ನಂಗೆ ಈ ಏರಿಯಾ ಏನೂ ಗೊತ್ತಿಲ್ಲ. ಎಲ್ಲಾ ನೀವೇ ಹೇಳ್ಕೊಡ್ಬೇಕು."

ಬೆಳಿಗ್ಗೆ ನನ್ನನ್ನು ಪ್ರಶ್ನೆ ಕೇಳಿದ್ದವರೇ ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸಿದರು. ಒಬ್ಬನಿಗೂ ನಾಚಿಕೆಯಿಲ್ಲ. "ಸತ್ರೂ ಹೇಳ್ಕೊಡಲ್ಲ" ಎಂದು ಕೈ ಕೊಡವಿ ಹೊರಟುಬಂದೆ.

ಅವಳು ಗೆದ್ದಳು. ಆ ವರ್ಷದ ಮೊದಲ ದೊಡ್ಡ ಮಳೆಗೇ ರಾಜಕಾಲುವೆ ಉಕ್ಕಿ ನಮ್ಮ ಮನೆಗಳಿಗೆ ಕೊಳಚೆ ನುಗ್ಗಿತು. ಪಕ್ಕದ ಮನೆಯ ಬಾಣಂತಿ ಮಗುವನ್ನೆತ್ತಿಕೊಂಡು ಮಂಚದ ಮೇಲೆ ನಿಂತಿದ್ದಳು. ಹಲ್ಲು ಕಚ್ಚಿಕೊಂಡು ಕಾರ್ಪೊರೇಟರಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ, ಯಾರನ್ನ ಕರೀಬೇಕು ಆಂಟಿ?" ಎಂದಳು.

ಯಾವ ಇಂಜಿನಿಯರಿಗೆ ಹೇಳಬೇಕು, ಎಲ್ಲಿ ಪಂಪ್ ಇಡಿಸಬೇಕು, ಮೋರಿಯ ಯಾವ ಚಪ್ಪಡಿ ಎತ್ತಿಸಬೇಕು, ಮೊಣಕಾಲುದ್ದ ಕೊಳಚೆಯಲ್ಲಿ ನಿಂತು ಒಂದೊಂದಾಗಿ ಹೇಳಿಕೊಟ್ಟೆ.