ಗುಡ್ಡ ಹತ್ತುವ ಮೊದಲಿನ ಕಾಫಿ

“ಕಾಫಿ ಕುಡದ್ರ ಎದೀ ಬಾಗಲಾ ತೆರದಂಗ ಆಗ್ತೈತ್ರಿ ಅವ್ವಾರ. ಹಾಲು ಬ್ಯಾಡ, ಬರೇ ಕರೀ ಕಾಫಿ. ಕುಡದು ಒಂದೀಟು ಕುಂತು, ಆಮ್ಯಾಲ ನೀರಿನ ಡಬ್ಬಿ ಹೊತ್ತು ಗುಡ್ಡಾ ಹತ್ತಿದ್ರ ದಮ್ಮು ಹತ್ತಂಗಿಲ್ಲ. ಕುಡೀದ ಹತ್ತಿದ್ನೋ, ಎದ್ಯಾಗ ಲೋಕಲ್ ಗಾಡಿ ಸಿಳ್ಳು ಹೊಡೀತೈತಿ! ಕಾಫೀ ಜೋರು ಮಧ್ಯಾನಕ್ಕ ಇಳೀತೈತಿ, ಮತ್ತ ಮೊದಲಿನಂಗ. ದವಾಖಾನಿ ಡಾಕ್ಟರೂ ಅಂದ್ರು, ‘ಕಾಫಿ ಉಸುರಿನ ನಳಿಗೀನ ಸ್ವಲ್ಪ ಸಡ್ಲ ಮಾಡ್ತೈತಿ, ಆದ್ರ ಅದನ್ನ ನಂಬಿ ಗುಳಿಗಿ ಬಿಡಬ್ಯಾಡ’ ಅಂತ.”

ಹೀಗೆನ್ನುತ್ತಿದ್ದ ರಾಜೇಸಾಬ ವಿಜಾಪುರದ ಕಡೆಯವನು. ಎಪ್ಪತ್ತೆರಡನೇ ಇಸವಿಯ ಸುಮಾರಿಗೆ ಭಾಂಡುಪ್ ಗುಡ್ಡದ ಮೇಲಿನ ನಮ್ಮ ಚಾಳಿಗೆ ನಳವಿರಲಿಲ್ಲ. ಒಂದೊಂದು ಖೋಲಿಯಲ್ಲೂ ಬಾಗಿಲವರೆಗೆ ಜನ ಮಲಗಿರುತ್ತಿದ್ದರು; ಕೊಡಗಳು ಅವರಾಚೆ, ಒಳಗೆ. ಗಂಡಸರೆಲ್ಲ ವಿಕ್ರೋಳಿಯ ಕಾರ್ಖಾನೆಗೆ ಹೊರಟ ಮೇಲೆಯೇ, ಮನೆಮನೆಗೆ ನೀರು ಹೊರುವ ರಾಜೇಸಾಬ ಕೆಳಗಿನ ನಳದಿಂದ ನೀರು ತಂದು ತುಂಬಬೇಕು. ನಳದ ಎದುರಿಗೇ ಉಡುಪಿಯ ಸದಾನಂದನ ಹೋಟೆಲು. ಅಲ್ಲಿ ಕಾಫಿ ಕುಡಿಯದೆ ಅವನು ಡಬ್ಬಿ ಎತ್ತಿದವನಲ್ಲ.

ರಮಜಾನ್ ಬಂತು. ರೋಜಾದ ಉಪವಾಸ, ಹಗಲು ಕಾಫಿಯಿಲ್ಲ. ಮೊದಲ ದಿನವೇ ನಡುದಾರಿಯಲ್ಲಿ ಡಬ್ಬಿ ಇಳಿಸಿ, ಮೊಣಕಾಲು ಹಿಡಿದು ಕೂತುಬಿಟ್ಟ. ನಾನು ಇಳಿದು ಹೋಗಿ ಬೆನ್ನು ಸವರಿದೆ. ಸದಾನಂದ ಗ್ಲಾಸು ಹಿಡಿದು ಓಡಿ ಬಂದ.

“ಕುಡಿ ಮಾರಾಯ. ದೇವರು ಬೈಯುವುದಿಲ್ಲ, ಬೈದರೆ ನನ್ನ ಹೆಸರು ಹೇಳು.”

“ಬ್ಯಾಡ ಸದಾನಂದಣ್ಣ. ಹ್ವಾದ ವರ್ಷಾನೂ ಜಡ್ಡಾಗಿ ರೋಜಾ ಬಿಟ್ಟೇನಿ. ಈ ವರ್ಷರ ಹಿಡೀಬೇಕು. ಬೆಳಕ ಹರಿಯೂ ಮೊದಲ, ಸಹರಿ ಹೊತ್ತಿಗೆ ಊಟದ ಜೋಡಿ ಕಾಫಿ ಕುಡದು, ಆಗಲೇ ಗುಡ್ಡಾ ಹತ್ತಿದ್ರ ನಡೀತಿತ್ತು. ಅಷ್ಟ ನಸಿಕಿನ್ಯಾಗ ಬಾಗಲಾ ಯಾರು ತೆಗೀತಾರ?”

ಸಂಜೆ ಪಕ್ಕದ ಖೋಲಿಯ ಅಪ್ಪಿಗೆ ಹೇಳಿದೆ, “ಇನ್ನು ಕೊಡಗಳನ್ನು ಹೊರಗಿಟ್ಟೇ ಮಲಗುವ.”

“ಅಯ್ಯೋ ಅಕ್ಕ! ಬೆಳಿಗ್ಗೆ ಹೊರಡುವಾಗ ಹೊಸ್ತಿಲಲ್ಲಿ ಖಾಲಿ ಕೊಡವಾ? ಅಪಶಕುನ ಅಂತ ನಮ್ಮವರು ರಜೆ ಹಾಕಿ ಮಲಗುತ್ತಾರೆ. ಅವರಿಗೆ ನೆವ ಸಿಕ್ಕಿದರೆ ಸಾಕು.”

“ಅವರು ಏಳುವಾಗ ತುಂಬಿರುತ್ತದಲ್ಲ, ಮಾರಾಯ್ತಿ. ತುಂಬಿದ ಕೊಡ ಎದುರಾದರೆ ಒಳ್ಳೆಯದೇ ಅಲ್ಲವಾ?”

ಅಪ್ಪಿ ನಕ್ಕಳು. ಹುಣಿಸೆಹಣ್ಣು ಹಚ್ಚಿ ಕೊಡ ಉಜ್ಜಿ, ಹೊರಗಿಟ್ಟಳು. ಅವಳನ್ನು ನೋಡಿ ಉಳಿದವರೂ ಇಟ್ಟರು.

ಸದಾನಂದ ಒಲೆಯನ್ನು ಬೇಗ ಹೊತ್ತಿಸತೊಡಗಿದ. ರಾಜೇಸಾಬ ಬೆಳಗಿನ ಬಾಂಗಿಗೆ ಮೊದಲೇ ಉಂಡು, ಗುಳಿಗೆ ನುಂಗಿ, ಕಾಫಿ ಕುಡಿದು, ನಮಾಜು ಮುಗಿಸಿ ನೀರು ಹೊರತೊಡಗಿದ. ಕೊನೆಯ ತಿರುವಿನಲ್ಲಿ ಎದೆ ಸಣ್ಣಗೆ ಕುಯ್ಗುಟ್ಟುತ್ತಿತ್ತು; ನಿಂತು, ಉಸಿರೆಳೆದುಕೊಂಡು ಮತ್ತೆ ಹತ್ತುತ್ತಿದ್ದ. ಆ ರಮಜಾನಿನಲ್ಲಿ ಅವನ ಒಂದು ರೋಜಾವೂ ತಪ್ಪಲಿಲ್ಲ.

ಅವನು ಇಳಿದು ಹೋದ ಮೇಲೆ ಅಪ್ಪಿ ಸದ್ದಾಗದಂತೆ ಬಾಗಿಲು ತೆಗೆದು, ಕೊಡ ಒಳಗೆಳೆದು, ಬಟ್ಟೆಯಲ್ಲಿ ನೀರು ಸೋಸಿ, ಅಕ್ಕಿ ತೊಳೆಯಲು ಕೂರುತ್ತಿದ್ದಳು.