ಟಿಕಳಿ ಹಿಂದೆ ಹೋದ ಬಾಳೆತೋಟ

ಹೋದ ರವಿವಾರ ಕಮಲಾಪುರದಲ್ಲಿ ನಮ್ಮ ಆಯಿಯ ಬಾಳೆತೋಟ ಎದ್ದು ನಡೆಯಿತು. ಕಣ್ಣಾರೆ ಕಂಡಿದ್ದೇನೆ. ಗಿಡ, ಹಿತ್ತಲ ಕಟ್ಟೆ, ಹಗ್ಗದ ಮೇಲೆ ಒಣಹಾಕಿದ ಆಯಿಯ ಸೀರೆ, ಎಲ್ಲವೂ ಒಟ್ಟಿಗೆ ಎಡಕ್ಕೆ ಹೊರಟು ಟಿವಿಯ ಅಂಚು ದಾಟಿ ಹೋದವು.

ತೋಟವನ್ನು ಟಿವಿಯೊಳಗೆ ಹಾಕಿದವಳು ನಾನೇ. ಹಾಗಾಗಿ ಪೂರ್ತಿ ಹೇಳಬೇಕಾದವಳೂ ನಾನೇ.

ನನ್ನ ತಂಗಿ ವಿದ್ಯಾ ಚೊಚ್ಚಲ ಬಸುರಿ. ಕಲಬುರ್ಗಿಯಲ್ಲೇ ಗಂಡನ ಮನೆ. ನಮ್ಮ ತವರಿನ ಹೆಣ್ಣುಮಕ್ಕಳೆಲ್ಲ ಕಮಲಾಪುರದ ಆ ಹಿತ್ತಲಲ್ಲಿ, ಕೆಂಪು ಬಾಳೆಯ ಗಿಡಗಳ ಮುಂದೆ ಕೂತು ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡವರು. ಅಮ್ಮ ಕೂತಿದ್ದಳು, ನಾನೂ ಕೂತಿದ್ದೆ. (ನನ್ನ ಫೋಟೋದಲ್ಲಿ ನನಗಿಂತ ಬಾಳೆಗೊನೆ ಚೆನ್ನಾಗಿ ಬಂದಿದೆ. ಇರಲಿ.) ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಉಳಿದಿದ್ದು ಒಂದೇ ಆಸೆ. ಕಡೆಯ ಮೊಮ್ಮಗಳನ್ನೂ ಅದೇ ಜಾಗದಲ್ಲಿ ಹಸಿರು ಸೀರೆಯಲ್ಲಿ ನೋಡಬೇಕು.

ಆಯಿಯ ಮೊಣಕಾಲು ಪೂರಾ ಹೋಗಿದೆ. ಆಕೆ ಬಸ್ಸು ಹತ್ತುವಂತಿಲ್ಲ. ಒಂದು ದಿನದ ಮಟ್ಟಿಗೆ ವಿದ್ಯಾಳನ್ನು ಕಳಿಸಿ ಎಂದು ಅಮ್ಮ ಬೀಗರಿಗೆ ಫೋನು ಮಾಡಿದಳು. ಮಾಮಾ ಖುದ್ದಾಗಿ ಹೋಗಿ ಕೇಳಿ ಬಂದ. ನಾನೂ ಕೇಳಿದೆ. ವಿದ್ಯಾಳ ಅತ್ತೆ ಪ್ರಮೀಳಾಬಾಯಿ ಎಲ್ಲರಿಗೂ ಚಹಾ ಕೊಟ್ಟರು, ಚೂಡಾ ಕೊಟ್ಟರು, ಮಾತು ಮಾತ್ರ ಒಂದೇ ಕೊಟ್ಟರು.

"ಆ ರೋಡ್ ನೋಡೀರೇನ್ರಿ? ತುಂಬಿದ ಬಸರಿ. ನಾ ಕಳಸಂಗಿಲ್ಲ."

ಆಗ ನನ್ನೊಳಗಿನ ಎಡಿಟರ್ ಎದ್ದು ಕೂತಳು. ನಮ್ಮ ಮನೆಗೆ ಕಂಪ್ಯೂಟರ್ ಬಂದಾಗಿನಿಂದ ಹ್ಯಾಂಡಿಕ್ಯಾಮ್ ಹಿಡಿದು ಮನೆಮಂದಿಯ ತಲೆ ತಿನ್ನುವುದು ನನ್ನ ಹವ್ಯಾಸ. ಹುಡುಗಿಯನ್ನು ತೋಟಕ್ಕೆ ಒಯ್ಯಲಾಗದಿದ್ದರೆ ತೋಟವನ್ನೇ ಹುಡುಗಿಯ ಹಿಂದೆ ಹಾಕಿದರಾಯಿತು. ಬೆನ್ನ ಹಿಂದೆ ಒಂದೇ ಬಣ್ಣದ ಪರದೆ ಕಟ್ಟಿ ಶೂಟ್ ಮಾಡುವುದು, ಆಮೇಲೆ ಕಂಪ್ಯೂಟರಿನಲ್ಲಿ ಆ ಬಣ್ಣ ತೆಗೆದು ಅಲ್ಲಿ ತೋಟ ಕೂರಿಸುವುದು. ಕುಬಸ ಕಲಬುರ್ಗಿಯಲ್ಲಿ, ಹಿನ್ನೆಲೆ ಕಮಲಾಪುರದ್ದು. ಏನು ಮಹಾ?

ಕಲಬುರ್ಗಿಯ ಮೋಮಿನಪುರದಲ್ಲಿ ಮದುವೆ ಕ್ಯಾಸೆಟ್ಟುಗಳ ಮಿಕ್ಸಿಂಗ್ ಮಾಡುವ ರಫೀಕ್ ನನಗೆ ಸಾಫ್ಟ್‌ವೇರ್ ಹಾಕಿಕೊಟ್ಟವನು. ಅವನನ್ನು ಕೇಳಿದೆ.

"ಅಕ್ಕಾ, ನಿಮ್ಮ ಕೈ ಭಾಳ ನಡಗ್ತದ" ಎಂದ. "ಕ್ಯಾಮೆರಾ ಹಿಲ್ ಗಯಾ ತೋ ಹಿಂದಿನ ಸೀನ್ ಭೀ ಅಷ್ಟೇ ಹಿಲ್ಬೇಕ್ರಿ. ಇಲ್ಲಾಂದ್ರ ಮಂದಿ ನೀರಿನಾಗ ತೇಲಿದಂಗ ಕಾಣ್ತಾರ. ಪರದೆ ಮ್ಯಾಲ ಒಂದು ನಿಶಾನಿ ಹಚ್ಚರಿ. ಕಂಪ್ಯೂಟರ್‌ಗೆ ಅದನ್ನ ತೋರಸ್ರಿ. ಅದು ಹೋದಂಗ ಸೀನ್ ಹೋಗ್ತದ."

ಇದಕ್ಕೆ ಮೋಷನ್ ಟ್ರ್ಯಾಕಿಂಗ್ ಎನ್ನುತ್ತಾರೆ. ಒಂದು ಚುಕ್ಕೆ ತೋರಿಸಿ, ಇದರ ಬೆನ್ನು ಬಿಡಬೇಡ ಎಂದು ಕಂಪ್ಯೂಟರಿಗೆ ತಾಕೀತು ಮಾಡುವುದು, ಅಷ್ಟೇ.

ಪರದೆ ಹಸಿರಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ಕುಬಸ ನೋಡಿದವರಲ್ಲ. ಹಸಿರು ಸೀರೆ, ಹಸಿರು ಕುಪ್ಪಸ, ಕೈತುಂಬ ಹಸಿರು ಬಳೆ. ಕಂಪ್ಯೂಟರಿಗೆ ಹಸಿರು ತೆಗೆ ಎಂದರೆ ಬಸುರಿಯ ಮುಖ, ಅಂಗೈ ಬಿಟ್ಟು ಮತ್ತೇನೂ ಉಳಿಯುವುದಿಲ್ಲ. ಅದನ್ನು ಆಯಿಗೆ ತೋರಿಸಿದರೆ ನನಗೇ ದೃಷ್ಟಿ ತೆಗೆಯುತ್ತಾಳೆ. ಆದ್ದರಿಂದ ಕುಬಸದ ದಿನ ವಿದ್ಯಾಳ ಹಿಂದೆ ಪ್ರಮೀಳಾಬಾಯಿಯವರದೇ ನೀಲಿ ಬೆಡ್‌ಶೀಟ್ ಕಟ್ಟಿದೆ. ನಿಶಾನಿಗೆ? ನನ್ನ ಪರ್ಸಿನಲ್ಲಿ ಟಿಕಳಿಯ ಪಾಕೀಟು ಇತ್ತು. ಹಣೆಗೆ ಅಂಟಿಸಿಕೊಳ್ಳುವ ದುಂಡನೆಯ ಕೆಂಪು ಟಿಕಳಿ. ಒಂದನ್ನು ಬೆಡ್‌ಶೀಟಿಗೆ ಅಂಟಿಸಿದೆ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ.

ಶೂಟಿಂಗ್ ಮುಗಿಯಿತು. ಕಂಪ್ಯೂಟರಿಗೆ ಟಿಕಳಿ ತೋರಿಸಿದೆ. ನೀಲಿ ಹೋಯಿತು, ನಾನು ಮೊದಲೇ ಕಮಲಾಪುರದಲ್ಲಿ ಶೂಟ್ ಮಾಡಿ ತಂದಿದ್ದ ತೋಟ ಬಂತು. ನನ್ನ ಕೈ ನಡುಗಿದಾಗ ತೋಟವೂ ವಿಧೇಯವಾಗಿ ನಡುಗಿತು. ಸಂಭ್ರಮದಲ್ಲಿ ಮುಂದಿನದನ್ನು ನೋಡದೆಯೇ ಸಿಡಿ ರೈಟ್ ಮಾಡಿಸಿ ಕಮಲಾಪುರದ ಬಸ್ಸು ಹತ್ತಿದೆ.

ಆಯಿ ಟಿವಿಯ ಮುಂದೆ ಮಂಚ ಹಾಕಿಸಿಕೊಂಡು ಕೂತಳು. ವಿದ್ಯಾ ಕಂಡಳು. ಹಿಂದೆ ಬಾಳೆಗಿಡಗಳು. ಆಯಿ ಕಣ್ಣೊರೆಸಿಕೊಂಡಳು. 

ಆಮೇಲೆ ಆರತಿ ಶುರುವಾಯಿತು.

ಪ್ರಮೀಳಾಬಾಯಿ ತಟ್ಟೆ ಹಿಡಿದು ಬಂದು, ಬೆಡ್‌ಶೀಟಿನ ಟಿಕಳಿಗೆ ಅಡ್ಡವಾಗಿ ಬಾಗಿದರು. ಅವರ ಹಣೆಯ ಮೇಲೂ ದುಂಡನೆಯ ಕೆಂಪು ಟಿಕಳಿ, ನನ್ನದಕ್ಕಿಂತ ದೊಡ್ಡದು. ಕಂಪ್ಯೂಟರಿಗೆ ಪಾಪ, ಯಾವುದು ಪರದೆ ಯಾವುದು ಅತ್ತೆ ಎಂದು ಹೇಗೆ ತಿಳಿದೀತು? ನಮ್ಮದನ್ನು ಬಿಟ್ಟು ಅವರದನ್ನು ಹಿಡಿಯಿತು.

ಅಲ್ಲಿಂದ ಮುಂದೆ ಕಮಲಾಪುರ ಅವರ ಹಣೆಗೆ ಅಂಟಿಕೊಂಡಿತು. ಅವರು ಬಾಗಿದರೆ ತೋಟ ಬಾಗಿತು. ಅವರು ಹೂಂ ಎಂದು ತಲೆಯಾಡಿಸಿದರೆ ಹಿತ್ತಲ ಕಟ್ಟೆಯೂ ಹೂಂ ಎಂದಿತು. ಕೊನೆಗೆ ಅವರು ತಟ್ಟೆ ಇಡಲು ಅಡುಗೆಮನೆಯತ್ತ ಹೊರಟರು. ತೋಟವೂ ಹೊರಟಿತು. ಖಾಲಿ ಕಪ್ಪು ಪರದೆಯಲ್ಲಿ ವಿದ್ಯಾ ಒಬ್ಬಳೇ, ಬಾಯಲ್ಲಿ ಪೇಢೆ ಇಟ್ಟುಕೊಂಡು ಕೂತಿದ್ದಳು.

ಮಾಮಾ ಬಿದ್ದು ಬಿದ್ದು ನಕ್ಕ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಯಿ ನಗಲಿಲ್ಲ. "ಇನ್ನೊಮ್ಮಿ ಹಚ್ಚು" ಎಂದಳು. ಹಚ್ಚಿದೆ. ಮತ್ತೆ ತೋಟ ನಡೆಯಿತು.

"ಕಂಪ್ಯೂಟರ್ ತಪ್ಪು ಆಯಿ. ಸರಿ ಮಾಡಿ ತರ್ತೀನಿ" ಎಂದೆ.

"ಏನೂ ತಪ್ಪಿಲ್ಲ. ನಿನಕಿಂತ ಅದಕ್ಕ ಬುದ್ಧಿ ಭಾಳ ಅದ" ಎಂದಳು ಆಯಿ. "ಆ ಮನಿಯಾಗ ಎಲ್ಲಾ ಯಾರ ಹಿಂದ ಹೋಗ್ತದ, ಅದಕ್ಕ ಗೊತ್ತಾಗ್ಯದ. ನೀವು ಬರೇ ಪೋರಿಗೆ ಹಿಡ್ಕೊಂಡು ಜಗ್ಗಾಕತ್ತೀರಿ. ಫೋನ್ ಹಚ್ಚು ಬೀಗತಿಗೆ."

ಹಚ್ಚಿ ಕೊಟ್ಟೆ. ಆಯಿ ರೋಡಿನ ಸುದ್ದಿ ಎತ್ತಲಿಲ್ಲ. ವಿದ್ಯಾಳ ಹೆಸರನ್ನೂ ಎತ್ತಲಿಲ್ಲ.

"ಬೀಗತಿಯವರ, ನಮ್ಮ ತ್ವಾಟದಾಗ ಕೆಂಪು ಬಾಳಿ ಗೊನಿ ಬಿಟ್ಟದ. ನನಗಂತೂ ಎದ್ದು ಬರಾಕ ಆಗಂಗಿಲ್ಲ. ನೀವರೆ ಒಂದಿನ ನಮ್ಮ ಮನಿಗೆ ಬರ್ರಿ. ನಿಮಗ ಉಡಿ ತುಂಬಬೇಕಂತ ಮನಸಾಗ್ಯದ."

 ಬೀಗತಿ ಆ ಕಡೆಯಿಂದ ಏನೋ ಹೇಳಿದರು. ಆಯಿ "ಹೂಂನ್ರಿ, ಹೂಂನ್ರಿ" ಎನ್ನುತ್ತ ಫೋನಿಟ್ಟಳು.

ಮೊನ್ನೆ ಗುರುವಾರ ಕಮಲಾಪುರದ ಮನೆಯ ಮುಂದೆ ಜೀಪು ನಿಂತಿತು. ಮುಂದಿನ ಸೀಟಿನಿಂದ ಪ್ರಮೀಳಾಬಾಯಿ ಇಳಿದರು. ಹಿಂದಿನ ಸೀಟಿನಿಂದ, ಬೆನ್ನಿಗೆ ಎರಡು ತಲೆದಿಂಬು ಒತ್ತಿಕೊಂಡಿದ್ದ ವಿದ್ಯಾ ಇಳಿದಳು. ರಸ್ತೆ ಅದೇ, ಗುಂಡಿಗಳೂ ಅವೇ.

ಆಯಿ ಇಬ್ಬರನ್ನೂ ಬಾಳೆಗಿಡದ ಮುಂದೆ ಅಕ್ಕಪಕ್ಕ ಕೂರಿಸಿದಳು. ಮೊದಲು ಬೀಗತಿಯ ಸೆರಗಿಗೆ ಅಕ್ಕಿ, ಬಾಳೆಹಣ್ಣು ಹಾಕಿ ಉಡಿ ತುಂಬಿದಳು, ಆಮೇಲೆ ಮೊಮ್ಮಗಳಿಗೆ. ವಿದ್ಯಾಳ ಕೆನ್ನೆ ಸವರಿ ನೆಟಿಗೆ ಮುರಿದಳು. ಅಷ್ಟು ಸಂತೋಷದಲ್ಲಿ ಆಕೆಯನ್ನು ನಾನು ನೋಡಿಯೇ ಇರಲಿಲ್ಲ.

ಊಟವಾದ ಮೇಲೆ ಪ್ರಮೀಳಾಬಾಯಿ ಸಿಡಿ ನೋಡಲೇಬೇಕು ಎಂದು ಹಟ ಹಿಡಿದರು. ಹಚ್ಚಿದೆ. ತೋಟ ಅವರ ಹಿಂದೆ ಅಡುಗೆಮನೆಗೆ ಹೋಗುವ ತನಕ ಕಣ್ಣು ಕೀಳದೆ ನೋಡಿ, "ಆ ಸೀರ್ಯಾಗ ನಾ ಅಷ್ಟು ದಪ್ಪ ಕಾಣ್ತೀನೇನ್ರಿ?" ಎಂದರು. ತೋಟದ ಬಗ್ಗೆ ಚಕಾರವಿಲ್ಲ. ಅದು ತಮ್ಮ ಹಿಂದೆ ಬರುವುದು ಅವರಿಗೆ ಸಹಜವೇ ಅನ್ನಿಸಿರಬೇಕು.

ಹೊರಡುವಾಗ ನಾನು ಸುಮ್ಮನಿರಲಾರದೆ ಕೇಳಿದೆ. "ರೋಡ್ ಹಂಗೇ ಅದಲ್ರೀ. ಇಷ್ಟು ಮಂದಿ ಕೇಳಿದಾಗ ಒಲ್ಲೆ ಅಂದ್ರಿ, ಈಗ ಹ್ಯಾಂಗ ಬಂದ್ರಿ?"

ಪ್ರಮೀಳಾಬಾಯಿ ಉಡಿಯ ಅಕ್ಕಿ ಚೆಲ್ಲದಂತೆ ಸೆರಗು ಬಿಗಿ ಮಾಡಿಕೊಂಡು ಜೀಪು ಹತ್ತಿದರು. ಕೂತ ಮೇಲೆ ಹೇಳಿದರು:

"ಬಂದವರೆಲ್ಲಾ 'ಕಳಸ್ರಿ' ಅಂದ್ರಿ. 'ಬರ್ರಿ' ಅಂತ ಯಾರರೆ ಅಂದ್ರೇನು?"