ಸುಶೀಲಾ ಆಂಟಿ ಕೂಗಿದ ದಿನ

ಸುಶೀಲಾ ಆಂಟಿಯ ಮಾತು ಕೇಳಬೇಕಾದರೆ ಮೊದಲು ಅವರ ಕಡೆಗೆ ಬಾಗಬೇಕಾಗಿತ್ತು. ದಪ್ಪ ಮೈಕಟ್ಟು, ಅಗಲ ಹಣೆ, ಎಂಥ ರೋಗಿಯನ್ನಾದರೂ ಒಬ್ಬರೇ ಮಗ್ಗುಲು ತಿರುಗಿಸಬಲ್ಲ ದೊಡ್ಡ ಕೈಗಳು. ಆದರೆ ಬಾಯಿಂದ ಬರುತ್ತಿದ್ದದ್ದು ಬರೀ ಪಿಸುಮಾತು. ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ಅವರು ಬಹುಕಾಲ ರಾತ್ರಿ ಪಾಳಿಯ ನರ್ಸ್ ಆಗಿದ್ದರು. ಮಲಗಿದವರ ನಡುವೆ ಓಡಾಡಿ ಓಡಾಡಿ ಅವರ ದನಿ ಶಾಶ್ವತವಾಗಿ ಇಳಿದುಹೋಗಿತ್ತು. ಬೀದಿ ಮೂಲೆಯ ಡೈರಿ ಅಂಗಡಿಯಲ್ಲಿ ಬ್ರೆಡ್ಡು ಕೇಳುವಾಗಲೂ ಅದೇ ದನಿ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವಾಗಲೂ ಅದೇ. ಸಿಟ್ಟು ಬಂದರೆ ಅದು ಇನ್ನಷ್ಟು ತಗ್ಗುತ್ತಿತ್ತು. ಅವರು ಏನೂ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ ದಿನ ಮನೆಯಲ್ಲಿ ಎಲ್ಲರೂ ಹುಷಾರಾಗಿರುತ್ತಿದ್ದೆವು.

ಗಂಡ ಪ್ರಭಾಕರ ಅಂಕಲ್ ಇದಕ್ಕೆ ತದ್ವಿರುದ್ಧ. ಸಿಟಿ ಬಸ್ಸಿನ ಡ್ರೈವರ್. ಎದುರಿಗೇ ಕೂತವರ ಜೊತೆಗೂ ಹಿಂದಿನ ಸೀಟಿಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದರು. ಇಬ್ಬರೂ ಬೆಟಗೇರಿಯ ಕ್ರೈಸ್ತ ಮನೆತನದವರು. ಎಷ್ಟು ವರ್ಷ ನ್ಯೂಜಿಲೆಂಡಿನಲ್ಲಿದ್ದರೂ ಅವರ ಕನ್ನಡ ಮಾತ್ರ ಬೆಟಗೇರಿ ಬಿಟ್ಟು ಒಂದು ಹೆಜ್ಜೆ ಆಚೆ ಬಂದಿರಲಿಲ್ಲ.

ನಾನು ಮೈಸೂರಿನಿಂದ ಓದಲು ಬಂದವಳು, ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಹಾಗಾಗಿ ಅವರ ಸಂಸಾರ ನನಗೆ ಕಣ್ಣಾರೆ ಗೊತ್ತು. ಅಂಕಲ್ ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದ ಮೇಲೆ ಆಂಟಿ ಪಾಳಿ ಮುಗಿಸಿ ಬರುತ್ತಿದ್ದರು. ಅವರು ಪರದೆ ಎಳೆದುಕೊಂಡು ಹಗಲಿಡೀ ಮಲಗಿದರೆ ಅಂಕಲ್ ಮಧ್ಯಾಹ್ನ ಬಂದು ತುದಿಗಾಲಲ್ಲಿ ಓಡಾಡುತ್ತಿದ್ದರು. ಸಂಜೆ ಒಂದು ಗಂಟೆ ಹೊತ್ತು ಮಾತ್ರ ಇಬ್ಬರೂ ಒಟ್ಟಿಗೆ ಎಚ್ಚರ. ಅಂಕಲ್‌ಗೆ ಅದು ರಾತ್ರಿಯೂಟ, ಆಂಟಿಗೆ ಬೆಳಗಿನ ತಿಂಡಿ. ಒಂದೇ ಮೇಜಿನ ಮೇಲೆ ಒಂದು ಕಡೆ ರೊಟ್ಟಿ, ಎಣ್ಣೆಗಾಯಿ, ಇನ್ನೊಂದು ಕಡೆ ಉಪ್ಪಿಟ್ಟು. ಆ ಹೊತ್ತಿನಲ್ಲಿ ಅವರು ನಗುತ್ತಿದ್ದಷ್ಟು ನಕ್ಕ ದಂಪತಿಗಳನ್ನು ನಾನು ಬೇರೆಲ್ಲೂ ನೋಡಲಿಲ್ಲ. ಆಮೇಲೆ ಆಂಟಿ ಸಮವಸ್ತ್ರ ತೊಟ್ಟು ಹೊರಡುತ್ತಿದ್ದರು.

ನನ್ನ ಓದು ಮುಗಿದು ಆಕ್ಲೆಂಡಿನಲ್ಲಿ ಲ್ಯಾಬ್ ಕೆಲಸ ಸಿಕ್ಕಿತು. ಅಲ್ಲಿನ ಮೌಂಟ್ ರಾಸ್ಕಿಲ್ ಬಡಾವಣೆಯಲ್ಲಿ ಮನೆ ಮಾಡಿದೆ. ಆ ಹೊತ್ತಿಗೆ ಅವರಿಬ್ಬರೂ ಹೆಚ್ಚು ಕಡಿಮೆ ಒಟ್ಟಿಗೇ ನಿವೃತ್ತರಾದರು. ಇನ್ನು ಮೇಲೆ ಇಬ್ಬರೂ ಆರಾಮಾಗಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ.

ಒಂದು ಭಾನುವಾರ ಆಂಟಿ ಬಸ್ ಹತ್ತಿ ಒಬ್ಬರೇ ಆಕ್ಲೆಂಡಿಗೆ ಬಂದರು. ಏವನ್‌ಡೇಲ್ ಸಂತೆಗೆ ಕರೆದುಕೊಂಡು ಹೋದೆ. ಮೆಂತ್ಯ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದು, ಅದರ ಬೇರು ನೋಡುತ್ತಾ ಅವರು ಏನೋ ಹೇಳಿದರು. ಸಂತೆಯ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

“ಏನಂದ್ರಿ ಆಂಟಿ?” ಅಂತ ಬಾಗಿದೆ.

“ನನಗೊಂದು ರೂಮ್ ಹುಡುಕಿ ಕೊಡು ತಂಗಿ. ಹ್ಯಾಮಿಲ್ಟನ್‌ನ್ಯಾಗ, ಕೆರಿ ಹತ್ರ. ಒಬ್ಬಾಕಿಗೇ.”

ನಾನು ಬೆಚ್ಚಿದೆ. “ಅಂಕಲ್ ಏನಾದರೂ ಅಂದ್ರಾ?”

“ಛೇ ಛೇ, ಅವರು ಏನಂತಾರ ಪಾಪ. ಬಂಗಾರದಂಥಾ ಮನಷ್ಯಾ. ಆದ್ರ ಮುಂಜಾನಿಂದ ಸಂಜಿತನಾ ಮನಿಯಾಗ ಇರ್ತಾರವಾ! ನಾ ಪರದೆ ಎಳದ್ರ ಅವರು ತಗೀತಾರ. ನಾ ಕಣ್ಣ ಮುಚ್ಚಿದ್ರ ರೇಡಿಯೋ ಹಚ್ಚತಾರ. ಅವರಿಗೆ ನಾ ಅಡ್ಡಿ, ನನಗ ಅವರು ಅಡ್ಡಿ. ಇಷ್ಟ ವರ್ಷ ನಾವು ಸಂಸಾರ ಎಲ್ಲಿ ಮಾಡೀವಿ? ಪಾಳಿ ಹ್ಯಾಂಡೋವರ್ ಮಾಡೀವಿ ಅಷ್ಟ.”

ಹೇಳಿ ಮೆಂತ್ಯದ ಕಟ್ಟನ್ನು ಚೀಲಕ್ಕೆ ಹಾಕಿದರು. ನಗಲಿಲ್ಲ. ಅವರು ತಮಾಷೆ ಮಾಡುತ್ತಿಲ್ಲ ಅಂತ ನನಗೆ ಆಗ ಗೊತ್ತಾಯಿತು. ರೂಮಿಗಾಗಿ ಈಗಾಗಲೇ ಒಂದೆರಡು ಕಡೆ ವಿಚಾರಿಸಿಯೂ ಇದ್ದರಂತೆ.

ಕೆಲವು ವಾರಗಳಾದ ಮೇಲೆ ಫೋನ್ ಮಾಡಿದರು. “ಇವರು ವ್ಯಾನ್ ತಂದಾರ,” ಅಂದರು. “ಮನಿಯಂಥಾ ವ್ಯಾನ್. ಒಲಿ ಐತಿ, ಹಾಸಗಿ ಐತಿ, ಸಂಡಾಸನೂ ಅದರಾಗ. ನನ್ನೊಂದು ಮಾತು ಕೇಳಲಿಲ್ಲ. ಬ್ಯಾಸಗಿ ಪೂರ್ತಿ ದಕ್ಷಿಣದ ಗುಡ್ಡಕ್ಕ ಹೋಗೂಣು ಅಂತಾರ.” ಕೊನೆಗೆ, “ಹೋಗಿ ಬರ್ತೀನಿ. ಅವರ ಆಸೆ. ಆಮ್ಯಾಲ ರೂಮ್,” ಅಂದರು.

ಕ್ರಿಸ್‌ಮಸ್ ಮುಗಿಸಿಕೊಂಡು, ಇಲ್ಲಿ ಬೇಸಿಗೆಯಾದ ಡಿಸೆಂಬರ್ ಕೊನೆಗೆ ಹೊರಟರು. ಜನವರಿಯಲ್ಲಿ ನನಗೆ ರಜೆ ಇತ್ತು. ಅಂಕಲ್ ಬಲವಂತ ಮಾಡಿದ್ದಕ್ಕೆ ವಿಮಾನ ಹತ್ತಿ ಕ್ವೀನ್ಸ್‌ಟೌನಿಗೆ ಹೋದೆ. ನಿಲ್ದಾಣದ ಹೊರಗೆ ಆ ಬಿಳಿ ವ್ಯಾನು ನಿಂತಿತ್ತು. ಅಂಕಲ್ ಅದರ ಬಾಗಿಲು ತೆರೆದು, ಮದುವೆಮನೆಗೆ ಬಂದವರನ್ನು ಕರೆಯುವ ಹಾಗೆ ಒಳಗೆ ಕರೆದರು. ಮೇಜು ಮಡಚಿದರೆ ಮಂಚ, ಬೆಂಚು ಎತ್ತಿದರೆ ಅಕ್ಕಿ ಡಬ್ಬಿ, ಕಪಾಟಿನಲ್ಲಿ ಖಾರಪುಡಿ ಡಬ್ಬಿಗಳು ಉರುಳದ ಹಾಗೆ ಹಾಕಿದ ರಬ್ಬರ್ ಪಟ್ಟಿ. ಎಲ್ಲವನ್ನೂ ತೋರಿಸಿದರು. ಹಿಂದೆ ಪರದೆಯ ಆಚೆ ಆಂಟಿ ಗಾಢ ನಿದ್ದೆಯಲ್ಲಿದ್ದರು.

“ಹಗಲೆಲ್ಲಾ ಹಿಂಗ,” ಅಂಕಲ್ ನಕ್ಕರು. “ಗುಡ್ಡ, ಕೆರಿ, ಹಿಮ ಎಲ್ಲಾ ಮಲಕೊಂಡ ದಾಟ್ಯಾಳ ನಿಮ್ಮ ಆಂಟಿ!”

ಹೌದು, ವ್ಯಾನಿನಲ್ಲೂ ಅವರು ಪಾಳಿಯನ್ನೇ ನಡೆಸುತ್ತಿದ್ದರು. ಹಗಲು ಅಂಕಲ್ ಓಡಿಸುವಾಗ ಆಂಟಿ ಮಲಗುವುದು, ಅಂಕಲ್ ಮಲಗಿದ ಮೇಲೆ ಆಂಟಿ ಎದ್ದು ಕೂರುವುದು. ಎಚ್ಚರವಿದ್ದಾಗ ಆ ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಮೊಣಕೈ ತಾಗಿಸಿಕೊಂಡು, “ಸರೀರಿ ಸ್ವಲ್ಪ,” “ನೀ ಸರಿ ಮದಲ,” ಅನ್ನುತ್ತಿದ್ದರು. ಅಂಕಲ್‌ನ ಉತ್ಸಾಹ ನೋಡಿ ನನಗೆ ಸಂಕಟವಾಗುತ್ತಿತ್ತು. ಈ ಬೇಸಿಗೆ ಮುಗಿದ ಮೇಲೆ ಏನಾಗಲಿದೆ ಅನ್ನುವುದು ಅವರಿಗೆ ಗೊತ್ತಿಲ್ಲ ಅಂತ ನಾನು ತಿಳಿದುಕೊಂಡಿದ್ದೆ.

ಮೂವರೂ ವಾನಾಕಾ ಸರೋವರದ ಆಚೆಗಿನ ಕಣಿವೆಗೆ ಹೋದೆವು. ಡಾಂಬರು ಮುಗಿದು ಕಲ್ಲು ರಸ್ತೆ ಶುರುವಾಗುತ್ತದೆ. ಎರಡೂ ಕಡೆ ದನ ಮೇಯುವ ಬಯಲು, ಅದರ ಮೇಲೆ ಕಡಿದಾದ ಬೆಟ್ಟಗಳು, ನೆತ್ತಿಯಲ್ಲಿ ಹಿಮ. ಒಂದು ಸಣ್ಣ ಹೊಳೆ ರಸ್ತೆಗೆ ಅಡ್ಡ ಹರಿಯುವ ಕಡೆ, ವ್ಯಾನು ದಾಟುವುದಿಲ್ಲವೆಂದು ಈಚೆಗೇ ನಿಲ್ಲಿಸಿದೆವು. ಬೆಳಗಿನ ಚಹಾ ಕುಡಿದು ಅಂಕಲ್ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಆಚೆ ದಡಕ್ಕೆ ಹೋದರು. ಅಲ್ಲೊಂದು ಜಲಪಾತವಿದೆ, ಫೋಟೋ ತೆಗೆದು ಬರುತ್ತೇನೆ ಅಂದರು. ಆಂಟಿ ಆಗಷ್ಟೇ ಮಲಗಿದ್ದರು. ನಾನು ಪಾತ್ರೆ ತೊಳೆದು, ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತೆ.

ನಮ್ಮ ತಲೆಯ ಮೇಲೆ ಬಿಸಿಲು. ಆದರೆ ಕಣಿವೆಯ ತುದಿಯ ಬೆಟ್ಟಗಳು ಕಪ್ಪು ಮೋಡದಲ್ಲಿ ಮುಳುಗಿದ್ದವು. ಅದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಂಟಿ ಇದ್ದಕ್ಕಿದ್ದಂತೆ ವ್ಯಾನಿನಿಂದ ಬರಿಗಾಲಲ್ಲಿ ಇಳಿದು ಬಂದರು. “ನೀರಿನ ಸದ್ದು ಬ್ಯಾರೆ ಆಗೇತಿ,” ಅಂದರು. ಆಗಲೇ ನಾನು ಹೊಳೆ ನೋಡಿದ್ದು. ಬೆಳಗಿನ ತಿಳಿನೀರು ಬೂದು ಬಣ್ಣಕ್ಕೆ ತಿರುಗಿತ್ತು. ಅಂಕಲ್ ಕಾಲಿಟ್ಟು ದಾಟಿದ್ದ ಕಲ್ಲುಗಳು ಒಂದೂ ಕಾಣುತ್ತಿರಲಿಲ್ಲ.

ಅಂಕಲ್ ಆಚೆ ದಡದಲ್ಲಿದ್ದರು. ಪ್ಯಾಂಟು ಮಡಚಿ, ಶೂ ಕೊರಳಿಗೆ ಹಾಕಿಕೊಂಡು ನೀರಿಗೆ ಇಳಿದೇಬಿಟ್ಟರು. ನಾನು ಕೂಗಿದೆ. ಅವರಿಗೆ ಕೇಳಲಿಲ್ಲ, ಕೈ ಬೀಸಿ ಇನ್ನೊಂದು ಹೆಜ್ಜೆ ಇಟ್ಟರು. ನೀರು ತೊಡೆಗೆ ಬಂತು. ಅವರು ವಾಲಿದರು.

“ಪ್ರಭಾಕರಾ! ನಿಲ್ಲು! ಹಿಂದಕ್ಕ ಹೋಗು!”

ಆ ದನಿ ಯಾರದೆಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ. ಎದುರಿನ ಬಂಡೆಗೆ ಬಡಿದು ವಾಪಸ್ ಬಂತು. ದೂರದ ದನಗಳು ತಲೆ ಎತ್ತಿದವು. ಗಂಡನನ್ನು ಎಂದೂ ಹೆಸರು ಹಿಡಿದು ಕರೆಯದ, ಎಂದೂ ಗಂಟಲೆತ್ತದ ಸುಶೀಲಾ ಆಂಟಿ ಎರಡೂ ಮುಷ್ಟಿ ಬಿಗಿದು ನಿಂತಿದ್ದರು. ಅಂಕಲ್ ಗರ ಬಡಿದವರಂತೆ ನಿಂತು, ಮೆಲ್ಲಗೆ ಹಿಂದೆ ಸರಿದು, ದಡ ಹತ್ತಿ ಕುಸಿದು ಕೂತರು.

ಅಲ್ಲಿ ಫೋನಿನ ಸಿಗ್ನಲ್ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಬಯಲಿನ ರೈತನೊಬ್ಬ ತನ್ನ ಪಿಕಪ್ ಗಾಡಿಯಲ್ಲಿ ಬಂದ. ಹೊಳೆ ನೋಡಿ, ಮೋಡ ನೋಡಿ, “ಮೇಲೆ ಮಳೆ ನಿಲ್ಲುತ್ತಾ ಬಂದಿದೆ. ನೀರು ಬಂದ ಹಾಗೇ ಇಳಿಯುತ್ತದೆ. ಅವರು ಇದ್ದಲ್ಲೇ ಇರಲಿ, ಸಂಜೆಗೆ ನಾನು ಟ್ರ್ಯಾಕ್ಟರ್ ತಂದು ದಾಟಿಸುತ್ತೇನೆ,” ಅಂದು ಹೋದ.

ಆದರೆ ಅಂಕಲ್ ಸೊಂಟದವರೆಗೆ ತೊಯ್ದಿದ್ದರು, ಗಾಳಿ ತಣ್ಣಗಿತ್ತು. ಆಂಟಿ ದಡದ ಅಂಚಿಗೆ ಹೋಗಿ ನಿಂತರು. ಹೊಳೆಯ ಅಗಲ ಒಂದು ಬಸ್ಸಿನ ಉದ್ದಕ್ಕಿಂತ ತುಸು ಹೆಚ್ಚು.

“ಹಸಿ ಪ್ಯಾಂಟ್ ತಗದ ಹಿಂಡ್ರಿ! ಕಾಲ ತಿಕ್ಕೋರಿ! ಕುಂಡ್ರಬ್ಯಾಡ್ರಿ, ಅಡ್ಡಾಡ್ರಿ!”

ಜಾಕೆಟ್ಟಿನೊಳಗೆ ಒಣ ಸಾಕ್ಸು, ಚಪಾತಿ, ಶೇಂಗಾ ಹಿಂಡಿ ಸುತ್ತಿ, ಕಲ್ಲು ಕಟ್ಟಿ ನನ್ನ ಕೈಗೆ ಕೊಟ್ಟರು. ನಾನು ಎಸೆದದ್ದು ನೀರಿಗೆ ಬಿತ್ತು. ಎರಡನೆಯ ಗಂಟು ಆಚೆ ದಡ ಮುಟ್ಟಿತು.

“ಈಗ ಮಾತಾಡ್ರಿ! ಸುಮ್ನ ಕುಂತ್ರ ಮಂಪರ ಬರ್ತೈತಿ!”

“ಏನ ಮಾತಾಡ್ಲಿ?”

“ಏನರೆ! ಬಸ್ಸಿನ ಕಥಿ ಹೇಳ್ರಿ!”

ಅಂಕಲ್ ಆಚೆ ಈಚೆ ನಡೆಯುತ್ತಾ ಚಪಾತಿ ಕಚ್ಚುತ್ತಾ ಶುರು ಮಾಡಿದರು. ಪ್ರತಿ ಹಂಗಾಮಿಗೂ ಫೀಜೋವಾ ಹಣ್ಣು ತಂದುಕೊಡುತ್ತಿದ್ದ ಮಾವೊರಿ ಅಜ್ಜಿ, ಬಸ್ಸಿನಲ್ಲೇ ನಿದ್ದೆ ಹೋಗುತ್ತಿದ್ದ ಶಾಲೆ ಮಕ್ಕಳು. ಆಮೇಲೆ ಹೇಳಿದರು: “ಮದಲನೇ ಟ್ರಿಪ್ಪಿಗೆ ನಿಮ್ಮ ಆಸ್ಪತ್ರಿ ಮುಂದ ಬಸ್ ನಿಂದ್ರಸ್ತಿದ್ದೆ. ಇಳಿಯೋರು ಯಾರೂ ಇರ್ತಿರಲಿಲ್ಲ. ಮ್ಯಾಲ ನಿನ್ನ ವಾರ್ಡಿನ ಲೈಟ್ ಕಾಣ್ತಿತ್ತು. ಅದನ್ನ ನೋಡಿ ಹೋಗ್ತಿದ್ದೆ.”

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀ ಮಲಗಿರ್ತಿದ್ದಿ!”

ಆಂಟಿ ಕಣ್ಣೊರೆಸಿಕೊಂಡರೋ, ನೀರಿನ ತುಂತುರು ಒರೆಸಿಕೊಂಡರೋ. ನಾನು ಚಹಾಕ್ಕಿಡುವ ನೆಪದಲ್ಲಿ ವ್ಯಾನಿಗೆ ಹೋದೆ. ಆದರೆ ಆ ಮಾತು ಇಡೀ ಕಣಿವೆಗೇ ಕೇಳುತ್ತಿತ್ತು.

“ಆ ರೂಮ್ ಏನಾತು?” ಅಂಕಲ್ ಕೂಗಿದರು.

ಆಂಟಿ ನೀರಿನ ಅಂಚಿಗೆ ಇನ್ನೊಂದು ಹೆಜ್ಜೆ ಸರಿದರು.

“ಕೇಳಸ್ತೇನು? ರೂಮ್! ಯಾರೋ ಒಬ್ಬಾಕಿ ಮನಿಗೆ ಫೋನ್ ಮಾಡಿದ್ಲು. ರೂಮ್ ಖಾಲಿ ಆಗೇತಿ, ಬಂದ ನೋಡ್ಲಿ ಅಂದ್ಲು. ನಾನ ಎತ್ತಿದ್ದೆ ಫೋನ್.”

“ಮತ್ತ ನನ್ನ ಕೇಳಲಿಲ್ಲ?”

“ಕೇಳಿದ್ರ ಹೋಗಿಬಿಡ್ತಿ ಅಂತ ಅಂಜಿಕಿ ಬಂತು. ವ್ಯಾನ್ ತಗೊಂಡೆ.”

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವರಿಗೆ ಮೊದಲಿಂದಲೂ ಗೊತ್ತಿತ್ತು. ಆ ಮಡಚುವ ಮೇಜು, ಆ ರಬ್ಬರ್ ಪಟ್ಟಿ, ಆ ಉತ್ಸಾಹ ಎಲ್ಲ ಅಂಜಿಕೆಯಿಂದ ಮಾಡಿದ್ದು.

ಆಂಟಿ ಎರಡೂ ಕೈ ಬಾಯಿಯ ಸುತ್ತ ಹಿಡಿದರು. ಆಮೇಲೆ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಕೂಗಿದರು. “ನಿಮ್ಮ ಮ್ಯಾಲ ಸಿಟ್ಟಿಲ್ಲ! ಹಗಲೊತ್ತು ಬಾಜೂಕ ಯಾರರೆ ಇದ್ರ ನನಗ ಉಸರು ಕಟ್ಟತೈತಿ! ನಿಮಗೂ ಆಗ್ತೈತಿ! ಸುಳ್ಳ ಹೇಳಬ್ಯಾಡ್ರಿ!”

ಅಂಕಲ್ ನಡೆಯುವುದನ್ನು ನಿಲ್ಲಿಸಿದರು. “ಆಗ್ತೈತಿ!” ಅಂದರು.

“ಆದ್ರ ಸಂಜಿಕ ನೀವು ಬೇಕು ನನಗ!”

“ಸಂಜಿಕ ಬರ್ತೀನಿ!”

ಇಬ್ಬರೂ ನಕ್ಕರು. ಗಂಟಲು ಹರಿಯುವ ಹಾಗೆ ನಕ್ಕರು. ಸಂಜೆ ಬಿಸಿಲು ಇನ್ನೂ ಇರುವಾಗಲೇ ರೈತ ಟ್ರ್ಯಾಕ್ಟರ್ ತಂದು ಅಂಕಲ್ ಅವರನ್ನು ಈಚೆಗೆ ದಾಟಿಸಿದ. ಆಂಟಿ ಅವರ ಅಂಗೈ, ಪಾದ, ಕಿವಿ ಎಲ್ಲ ಮುಟ್ಟಿ ನೋಡಿ, ರಗ್ಗು ಹೊದೆಸಿ ಕೂರಿಸಿದರು. ಮರುದಿನ ಅವರಿಗೆ ದನಿಯೇ ಇರಲಿಲ್ಲ.

ಆ ಬೇಸಿಗೆಯ ಉಳಿದ ದಿನಗಳನ್ನೂ ಅವರು ಗುಡ್ಡಗಳಲ್ಲೇ ಕಳೆದರು. ಊರಿಗೆ ವಾಪಸಾದ ಮೇಲೆ ಆಂಟಿ ರೂಮ್ ಹಿಡಿದೇ ಹಿಡಿದರು. ಕೆರೆಯ ಹತ್ತಿರ, ಯಾರದೋ ಮನೆಯ ಹಿತ್ತಲಲ್ಲಿದ್ದ ಒಂದು ಕೋಣೆ. ಮಂಚ, ಕುರ್ಚಿ, ದಪ್ಪ ಪರದೆ. ವೆಲಿಂಗ್ಟನ್ನಿನಲ್ಲಿದ್ದ ಅವರ ಮಗಳು ಫೋನಿನಲ್ಲಿ, “ಮಮ್, ದಿಸ್ ಈಸ್ ನಾಟ್ ನಾರ್ಮಲ್,” ಅಂತ ಅತ್ತಳಂತೆ. ಕನ್ನಡದವರ ಯುಗಾದಿ ಕೂಟದಲ್ಲಿ ಒಬ್ಬರು ಕನಿಕರದ ಮುಖ ಮಾಡಿ, “ಈ ವಯಸ್ಸಲ್ಲಿ ಡಿವೋರ್ಸಾ ಆಂಟಿ?” ಅಂದಾಗ ಆಂಟಿ ಹತ್ತಿರ ಕರೆದು ಪಿಸುಗುಟ್ಟಿದರು: “ಡಿವೋರ್ಸ್ ಅಲ್ರಿ. ಶಿಫ್ಟ್ ಬದಲಿ.”

ಅಂಕಲ್ ದಿನಾ ಸಂಜೆ ಊಟದ ಡಬ್ಬಿ ಹಿಡಿದು ಆ ಕೋಣೆಗೆ ನಡೆದು ಹೋಗುತ್ತಿದ್ದರು. ಬೇಸಿಗೆ ಬಂತೆಂದರೆ ಇಬ್ಬರೂ ವ್ಯಾನ್ ಹತ್ತಿ ಗುಡ್ಡಕ್ಕೆ. ಹೀಗೆ ಕೆಲವು ವರ್ಷ ನಡೆಯಿತು. ಅವರನ್ನು ನೋಡಿದವರಿಗೆ ಮೊದಮೊದಲು ವಿಚಿತ್ರ ಅನ್ನಿಸುತ್ತಿತ್ತು. ಆಮೇಲೆ ಕೆಲವರಿಗೆ ಹೊಟ್ಟೆಕಿಚ್ಚಾದದ್ದೂ ನನಗೆ ಗೊತ್ತು.

ಆಂಟಿಯನ್ನು ನಾನು ಕೊನೆಯ ಸಲ ನೋಡಿದ್ದು ನನಗೆ ಮದುವೆಯಾಗಿ ಮಗಳು ಹುಟ್ಟಿದಾಗ. ಅಮ್ಮನಿಗೆ ವೀಸಾ ತಡವಾಗಿತ್ತು. ಆಂಟಿ ನಾನು ಹೇಳಿಕಳಿಸದೆಯೇ ಬಂದು ಮೌಂಟ್ ರಾಸ್ಕಿಲ್‌ನ ಮನೆಯಲ್ಲಿ ಇಳಿದುಕೊಂಡರು. ಕೂಸಿಗೆ ಎಣ್ಣೆ ಹಚ್ಚಿ, ಆ ದೊಡ್ಡ ಅಂಗೈಯಲ್ಲಿ ಬೋರಲು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಅಷ್ಟು ಸಮಾಧಾನದ ಕೈ ನಾನು ಕಂಡಿಲ್ಲ. ಹೊರಡುವ ದಿನ ಕೂಸಿನ ಹಣೆಗೆ ಮುತ್ತಿಟ್ಟು, “ಅಕಿ ಅತ್ರ ಗಾಬರಿ ಆಗಬ್ಯಾಡ. ಅಳೂದು ಬಂದ್ರ ಆತು, ಎಲ್ಲಾ ಹೇಳಿಕೋತಾಳ,” ಅಂದರು.

ಆ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರೆಂದು ಅಂಕಲ್‌ನಿಂದ ಫೋನ್ ಬಂತು. ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಹ್ಯಾಮಿಲ್ಟನ್ನಿಗೆ ಹೋದೆ. ಪ್ರಾರ್ಥನೆ, ಮಣ್ಣು ಎಲ್ಲ ಮುಗಿದ ಮೇಲೆ ಅಂಕಲ್ ಆಂಟಿಯ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಮಂಚದ ಅಂಚಿನಲ್ಲಿ ಕೂತೆ. ಅವರೇ ಮಾತು ತೆಗೆದರು.

“ಸಂಜಿಕ ಬಂದೆ. ಮಲಗಿದ್ಲು. ಎಬ್ಬಸೂದು ಬ್ಯಾಡ, ತಾನ ಏಳ್ತಾಳ ಅಂತ ಇಲ್ಲೇ ಕುಂತೆ. ಬಿಸಿ ರೊಟ್ಟಿ ತಂದಿದ್ದೆ, ಡಬ್ಬಿ ತೊಡಿ ಮ್ಯಾಲ ಇತ್ತು. ಕುಂತ ಇದ್ದೆ.”

“ಎಷ್ಟು ಹೊತ್ತು ಅಂಕಲ್?”

ಅವರು ಮಂಚದ ಮೇಲೆ ಅಂಗೈ ಇಟ್ಟು ಹಾಸಿಗೆಯ ಸುಕ್ಕು ಸರಿಮಾಡಿದರು.

“ಭಾಳ ಚಲೋ ಅನಸ್ತಿತ್ತು ತಂಗಿ,” ಅಂದರು. “ಗೊತ್ತಾಗೂತನಾ, ಭಾಳ ಚಲೋ ಅನಸ್ತಿತ್ತು.”